ಕಂಪನಿ ಸೆಟ್

8 ಏಪ್ರಿಲ್ 2008, ಮಂಗಳವಾರ

ಹಳಿಯಾಳದ ಏಳು ಅಂಗಡಿ ಮುಗಿಸಿ ಮೂರರ ಬಸ್ಸಿಗೆ ದಾಂಡೇಲಿ. ಪೋಸ್ಟರ್ ಅಂಟಿಸಿದೆ. ಡಮ್ಮಿ ಮೊಬೈಲ್ ಸೆಟ್‌ಗಳ ಧೂಳು ಒರೆಸಿದೆ. ಕಂಪನಿಯ ರಿಪೋರ್ಟ್ ಫಾರ್ಮ್ ತುಂಬಿದೆ. ಕೊನೆಯ ಪ್ರಶ್ನೆ ಎಂದಿನದೇ: ನಿಮ್ಮ ಏರಿಯಾದಲ್ಲಿ ನಮ್ಮ ಕಂಪನಿಗೆ ಯಾರಿಂದ ಸ್ಪರ್ಧೆ? ಎಂದಿನ ಉತ್ತರವನ್ನೇ ಬರೆದೆ. ಯಾರಿಂದಲೂ ಇಲ್ಲ.

ಸುಳ್ಳೇನಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ... ನನ್ನ ನಾಲ್ಕೂ ಊರಲ್ಲಿ ಹತ್ತು ಮೊಬೈಲ್ ಇದ್ದರೆ ಎಂಟು ನಮ್ಮವು. ಜನ ಹೆಸರು ಕೂಡ ಹೇಳುವುದಿಲ್ಲ. ‘ಕಂಪನಿ ಸೆಟ್ ಕೊಡ್ರಿ’ ಅನ್ನುತ್ತಾರೆ, ಲೋಕದಲ್ಲಿ ಬೇರೆ ಕಂಪನಿಯೇ ಇಲ್ಲದ ಹಾಗೆ. ಕೇಳಿದಾಗೆಲ್ಲ ನನಗೇ ಒಂದು ನಮೂನೆ ಜಂಬ.

ಸಂಜೆ ಜ್ಯೋತಿಬಾ ದಾದಾನ ಅಂಗಡಿ. ಬಸ್ ಸ್ಟ್ಯಾಂಡಿನ ಹಿಂದೆ, ಎಂಟಡಿ ಅಗಲ. ಬಾಗಿಲ ಮೇಲೆ ಕಂಪನಿಯ ಹಸಿರು ಬೋರ್ಡ್ — ಅಧಿಕೃತ ಸೇವಾ ಕೇಂದ್ರ. ಹುಬ್ಬಳ್ಳಿಯಲ್ಲಿ ಹದಿನೈದು ದಿನ ಟ್ರೇನಿಂಗ್ ಮಾಡಿ ಗಳಿಸಿದ್ದು. ಬೆಳಿಗ್ಗೆ ದೇವರ ಫೋಟೋಕ್ಕಿಂತ ಮೊದಲು ಅದನ್ನು ಒರೆಸುತ್ತಾನೆ. ಡಿಪ್ಲೊಮಾ ಫೇಲಾಗಿ ಮನೆಯಲ್ಲಿ ಕೂತಿದ್ದ ನನಗೆ ಸೋಲ್ಡರಿಂಗ್ ಕಲಿಸಿದವನು ಇವನು. ಈ ನೌಕರಿಗೆ ನನ್ನ ಹೆಸರು ಹೇಳಿದವನೂ ಇವನೇ. ನಮ್ಮಿಬ್ಬರ ಅಪ್ಪಂದಿರು ಇಲ್ಲಿನ ಕಾಗದದ ಮಿಲ್ಲಿನಲ್ಲಿ ಒಂದೇ ಶಿಫ್ಟಿನವರು. ಅವರು ಬೆಳಗಾವಿ ಕಡೆಯವರು, ನಾವು ಧಾರವಾಡ ಕಡೆಯವರು. ಅಷ್ಟೇ ವ್ಯತ್ಯಾಸ.

ಕುಬೇರ ಒಂದು ಚೈನಾ ಸೆಟ್ ಬಿಚ್ಚಿಕೊಂಡು ಕೂತಿದ್ದ. ಅವನು ದಾದಾನ ಅಂಗಡಿಯ ಕೆಲಸದವನು. ಎರಡು ಮಕ್ಕಳ ತಂದೆ. ಆರು ವರ್ಷದಿಂದ ಹಳಿಯಾಳ ದಾರಿಯ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಾನೆ. ಅವನ ಕೈಗೆ ಬಂದ ಸೆಟ್ ಸತ್ತದ್ದು ನಾನು ನೋಡಿಲ್ಲ.

"ಅಡಿವೆಯ್ಯಾ, ನೋಡಿಲ್ಲಿ. ಒಂದ ಸೆಟ್, ಎರಡ ಸಿಮ್."

"ಆಟಗಿ ಸಾಮಾನ ಅದು. ಆರ ತಿಂಗಳದಾಗ ಕೆಡತೈತಿ."

"ಕೆಟ್ರ ನನ್ನ ಕಡೆ ತರ್ತಾರ. ಪೂರಾ ಹೋತಂದ್ರ ಮತ್ತ ಇಂಥಾದ್ದ ತಗೊಂತಾರ. ಯಾಕ ಅಂತ ಯಾರನ್ನರ ಕೇಳೀಯೇನ?"

ಕೇಳಿರಲಿಲ್ಲ.

ದಾದಾ ಸಿಡುಕಿದ. "ಕುಬೇರಾ, ಅದನ್ನ ಕೌಂಟರ್ ಮ್ಯಾಲ ಇಡಬ್ಯಾಡ ಅಂದಿಲ್ಲೇನ? ಬೋರ್ಡ್ ಕೊಟ್ಟವರು ನೋಡಿದ್ರ ಮುಗೀತು." ಕುಬೇರ ನಗುತ್ತ ಅದನ್ನು ಸ್ಟೂಲಿನ ಕೆಳಗಿನ ಬಿಸ್ಕಿಟ್ ಡಬ್ಬಿಗೆ ಸೇರಿಸಿದ. ಕರಾರು ಹಾಗಿದೆ. ಬೋರ್ಡ್ ಇರುವ ಕಡೆ ಬೇರೆ ಸೆಟ್ ಮುಟ್ಟುವಂತಿಲ್ಲ. ಆದರೆ ಬಂದ ಜನರನ್ನು ವಾಪಸ್ ಕಳಿಸುವುದು ಹೇಗೆ? ದಾದಾ ನೋಡಿಯೂ ನೋಡದಂತಿರುತ್ತಾನೆ. ನಾನೂ.

10 ಏಪ್ರಿಲ್

ಜೋಯಿಡಾ. ಕುಬೇರ ಹೇಳಿದ್ದು ತಲೆಯಲ್ಲಿತ್ತು. ಚೈನಾ ಸೆಟ್ ಹಿಡಿದಿದ್ದ ಫಾರೆಸ್ಟ್ ಗಾರ್ಡ್ ದುರ್ಗಪ್ಪನನ್ನು ಕೇಳಿಯೇ ಬಿಟ್ಟೆ.

"ಈ ಕಾಡಿನಾಗ ಒಂದ ಸಿಮ್ ಹಿಡೀತೈತ್ರಿ. ದಾಂಡೇಲಿಗೆ ಇಳದ್ರ ಮನಿ ಮಂದೀದೆಲ್ಲಾ ಇನ್ನೊಂದ ಸಿಮ್. ಎರಡ ಸೆಟ್ ಹಿಡಕೊಂಡು ತಿರಗಾಕ ನಾ ಏನ್ ಸಾಹೇಬನ್ರೀ? ಮ್ಯಾಲ ಇದು ಹಾಡಿದ್ರ ಹೊಳಿ ಆಚೆ ಕೇಳಸತೈತಿ. ನಿಮ್ಮ ಕಂಪನಿಯವರಿಗೆ ಹೇಳ್ರಿ, ಇಂಥಾದ್ದೊಂದು ಮಾಡ್ರೀ ಅಂತ. ನಿಮ್ದ ತಗೊಂತೇವಿ."

ಇಷ್ಟು ಸರಳ. ಮತ್ತೆ ಆರು ಜನರನ್ನು ಕೇಳಿದೆ. ಅದೇ ಮಾತು. ಬಸ್ಸಿನಲ್ಲಿ ಕೂತು ಫಾರ್ಮಿನ ಹಿಂದೆ ಪೂರ್ತಿ ಬರೆದೆ. ಜಾಗ ಸಾಲದೆ ಇನ್ನೊಂದು ಹಾಳೆ ಹಚ್ಚಿದೆ. ಬಹಳ ದಿನದ ಮೇಲೆ ನೌಕರಿ ಮಾಡಿದ ಹಾಗೆ ಅನ್ನಿಸಿತು.

29 ಏಪ್ರಿಲ್, ಹುಬ್ಬಳ್ಳಿ

ತಿಂಗಳ ಮೀಟಿಂಗ್. ಮ್ಯಾನೇಜರ್ ನನ್ನ ಹಾಳೆಯನ್ನು ಎಲ್ಲರ ಮುಂದೆ ಎತ್ತಿ ಹಿಡಿದ. ಹೊಗಳುತ್ತಾನೆ ಅಂದುಕೊಂಡೆ.

"ಅಡಿವೆಯ್ಯ ಅವರು ಕಂಪನಿಗೆ ಬುದ್ಧಿ ಹೇಳ್ತಿದಾರೆ. ಎರಡು ಸಿಮ್ ಹಾಕ್ಬೇಕಂತೆ!"

ಎಲ್ಲ ನಕ್ಕರು. ನಾನೂ ನಕ್ಕೆ. ಅದೇ ಈಗ ನಾಚಿಕೆ.

ಆಮೇಲೆ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ. "ನೋಡಪ್ಪಾ, ಎರಡು ಸಿಮ್ ಬೇಡ ಅಂತ ಮೇಲಿನವರೇ ತೀರ್ಮಾನ ಮಾಡಿದಾರೆ. ನಾನು ಇದನ್ನ ಕಳಿಸಿದ್ರೆ ನನ್ನನ್ನೇ ಕೇಳ್ತಾರೆ. ಜಗತ್ತಲ್ಲೇ ನಾವು ನಂಬರ್ ಒನ್. ನಮ್ಮನ್ನ ಯಾರು ಅಲ್ಲಾಡಿಸ್ತಾರೆ?"

ಹಾಳೆ ಹರಿದು ಬುಟ್ಟಿಗೆ ಹಾಕಿದ. ಹೊಸ ಫಾರ್ಮಿನಲ್ಲಿ ಮತ್ತೆ ಬರೆದುಕೊಟ್ಟೆ. ಯಾರಿಂದಲೂ ಇಲ್ಲ.

17 ಸೆಪ್ಟೆಂಬರ್

ಮಳೆಗಾಲವಿಡೀ ಮಾರಾಟ ಇಳಿಮುಖ. ಮುಂಡಗೋಡ ಹತ್ತಿರದ ಇಂದೂರ ಹಳ್ಳಿಯ ಒಬ್ಬ ಅಂಗಡಿಯವನು ನಮ್ಮ ಪೋಸ್ಟರ್ ಮೇಲೇ ಚೈನಾ ಸೆಟ್ಟಿನ ಪೋಸ್ಟರ್ ಅಂಟಿಸಿದ್ದಾನೆ. ಕೇಳಿದರೆ "ಯಾವುದು ಹೋಗತೈತಿ ಅದನ್ನ ಹಚ್ಚತೇನ್ರಿ" ಅಂದ.

ಮ್ಯಾನೇಜರ್ ಫೋನ್. ನನ್ನ ಏರಿಯಾದಲ್ಲಿ ಯಾಕೆ ಬಿದ್ದಿದೆ, ಮೇಲಿನವರಿಗೆ ಕಾರಣ ಕೊಡಬೇಕಂತೆ. ಕಾರಣ ಏಪ್ರಿಲ್‌ನಲ್ಲೇ ಕೊಟ್ಟಿದ್ದೆನಲ್ಲ ಸಾರ್ ಅಂದೆ.

"ಅದಲ್ಲ. ಯಾರೋ ನಮ್ಮ ಬೋರ್ಡ್ ಹಾಕ್ಕೊಂಡು ಒಳಗಿಂದ ಹಾಳು ಮಾಡ್ತಿರ್ತಾರೆ. ಒಂದು ಹೆಸರು ಕೊಡು. ದೀಪಾವಳಿಗೆ ಸೂಪರ್‌ವೈಸರ್ ಪೋಸ್ಟ್ ಇದೆ, ಬೈಕ್ ಸಮೇತ. ಹೆಸರಿಲ್ಲ ಅಂದ್ರೆ ನಿನ್ನ ಹೆಸರೇ ಮೇಲೆ ಹೋಗುತ್ತೆ."

ಐದು ದಿನ ಟೈಮ್.

22 ಸೆಪ್ಟೆಂಬರ್

ಕೊಟ್ಟೆ.

24 ಸೆಪ್ಟೆಂಬರ್

ಬೇರೆ ಯಾರ ಹೆಸರೂ ನೆನಪಾಗಲಿಲ್ಲ — ಇಲ್ಲ, ಇದು ಸುಳ್ಳು. ಇಲ್ಲಿಯಾದರೂ ಸುಳ್ಳು ಬೇಡ. ಹಳಿಯಾಳದ ಬೋರ್ಡಿನವನೂ ಚೈನಾ ಸೆಟ್ ರಿಪೇರಿ ಮಾಡುತ್ತಾನೆ. ಆದರೆ ಎಲ್ಲಿ ಇಡುತ್ತಾನೋ ಗೊತ್ತಿಲ್ಲ. ದಾದಾನ ಅಂಗಡಿಯದು ಗೊತ್ತಿತ್ತು. ಸ್ಟೂಲಿನ ಕೆಳಗೆ, ಬಿಸ್ಕಿಟ್ ಡಬ್ಬಿ. ಹಾಗೇ ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಒಂದು ವಾರ್ನಿಂಗ್ ಕೊಡುತ್ತಾರೆ, ಅಷ್ಟೇ. ದಾದಾ ಬಗ್ಗೆ ಹುಬ್ಬಳ್ಳಿಯಲ್ಲಿ ಒಳ್ಳೆಯ ಅಭಿಪ್ರಾಯವಿದೆ.

14 ಅಕ್ಟೋಬರ್

ವಾರ್ನಿಂಗ್ ಅಲ್ಲ.

ಹನ್ನೊಂದಕ್ಕೆ ಹುಬ್ಬಳ್ಳಿಯಿಂದ ಇಬ್ಬರು. ನಾನು ಅಂಗಡಿಯಲ್ಲೇ ಇದ್ದೆ, ಚಾ ಕುಡಿಯುತ್ತ. ಇವತ್ತೇ ಬರುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಜೋಯಿಡಾಕ್ಕೆ ಹೋಗಿಬಿಡುತ್ತಿದ್ದೆ. ಅವರು ಬೇರೆ ಏನನ್ನೂ ಹುಡುಕಲಿಲ್ಲ. ಬಗ್ಗಿ ಸ್ಟೂಲ್ ಸರಿಸಿ ಡಬ್ಬಿ ಎಳೆದರು. ಒಂಬತ್ತು ಸೆಟ್. ಕಾಗದಕ್ಕೆ ಸಹಿ ಮಾಡಿಸಿದರು. ಕಂಪನಿಯ ಟೂಲ್ ಕಿಟ್ ವಾಪಸ್ ತೆಗೆದುಕೊಂಡರು.

ದಾದಾ ಕೈಮುಗಿದ. "ಸಾಹೇಬ್ರ, ಮಂದಿ ತಂದ ಇಡ್ತಾರ್ರಿ. ಮಾರಿಲ್ಲ ನಾ, ರಿಪೇರಿ ಅಷ್ಟ. ಇನ್ನ ಮುಂದ ಒಂದೂ ಮುಟ್ಟೂದಿಲ್ಲ."

"ನಮಗೆ ಹೇಳಿದಷ್ಟು ಮಾಡ್ತೀವಿ. ಬೋರ್ಡ್ ಬಿಚ್ಚಬೇಕು, ಏಣಿ ಇದೆಯಾ?"

ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಏಣಿ ಬಂತು. ನೆಲ ಸಮ ಇರಲಿಲ್ಲ, ಅಲ್ಲಾಡುತ್ತಿತ್ತು. "ಏ, ನೀನು ನಮ್ಮವನೇ ಅಲ್ವಾ? ಹಿಡ್ಕೋ" ಅಂದರು.

ಹಿಡಿದುಕೊಂಡೆ.

ಹೋಗುವಾಗ ಅವರಲ್ಲೊಬ್ಬ ಕುಬೇರನ ಕಡೆ ನೋಡಿ ಹೇಳಿದ. "ಇವರು ಹೋದ ವಾರ ನಮ್ಮ ಆಫೀಸಿಗೆ ಬಂದಿದ್ರಲ್ಲ, ತಮ್ಮ ಹಳ್ಳೀಲೂ ಒಂದು ಬೋರ್ಡ್ ಬೇಕು ಅಂತ." ಕುಬೇರನ ಮುಖ ಕಪ್ಪಿಟ್ಟಿತು. ದಾದಾ ಅವನನ್ನೇ ನೋಡುತ್ತ ನಿಂತ.

15 ಅಕ್ಟೋಬರ್

ಇದನ್ನು ಇವತ್ತೇ ಬರೆಯಬೇಕು. ನಾಳೆಯಾದರೆ ನನಗೆ ಬೇಕಾದ ಹಾಗೆ ತಿರುಚಿ ಬರೆಯುತ್ತೇನೆ.

ಬೆಳಿಗ್ಗೆ ದಾದಾ ಕುಬೇರನನ್ನು ರಸ್ತೆಯಲ್ಲೇ ನಿಲ್ಲಿಸಿ ಕೇಳಿದ. ಆಟೋದವರೆಲ್ಲ ನೋಡುತ್ತಿದ್ದರು.

"ಬೋರ್ಡ್ ಬೇಕಾಗಿತ್ತಂದ್ರ ನನ್ನ ಕೇಳಬೇಕಿತ್ತು. ನನ್ನದ ಕಿತ್ತಕೊಂಡು ಹಾಕ್ಕೋಬೇಕೇನ?"

"ಇಲ್ರೀ ದಾದಾ. ಕೇಳಾಕ ಹೋಗಿದ್ದೆ, ಖರೆ. ಪಕ್ಕಾ ಆದ ಮ್ಯಾಲ ನಿಮಗ ಹೇಳೂಣು ಅಂತಿದ್ದೆ. ಡಬ್ಬಿ ವಿಚಾರ ನಾ ಬಾಯಿ ಬಿಟ್ಟಿಲ್ಲ. ಮಕ್ಕಳ ಆಣಿ."

"ಮಕ್ಕಳನ್ನ ಯಾಕ ತರ್ತೀ? ನಡಿ. ಈ ಮೆಟ್ಟಲ ಮತ್ತ ತುಳೀಬ್ಯಾಡ."

ಕುಬೇರ ನನ್ನ ಕಡೆ ನೋಡಿದ. ನಾನು ಬಸ್ ಸ್ಟ್ಯಾಂಡಿನ ಕಡೆ ನೋಡಿದೆ. ಅವನು ತನ್ನ ಊಟದ ಡಬ್ಬಿ ತೆಗೆದುಕೊಂಡು ಹೋದ.

ಆಮೇಲೆ ದಾದಾ ಒಳಗೆ ಕೂತು ಕೇಳಿದ. "ಅಡಿವೆಯ್ಯಾ, ನೀ ಆಫೀಸಿನಾಗ ಇರಾಂವ. ಏನರ ಕಿವಿಗೆ ಬಿದ್ದೈತೇನ? ಅವನ ಮಾಡಿದ್ನೇನ?"

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ.

"ಇರಬೋದು ದಾದಾ" ಅಂದೆ.

26 ಅಕ್ಟೋಬರ್, ಭಾನುವಾರ

ಕುಬೇರನ ತಾಯಿ ಮೋತಿಬಾಯಿ ನಮ್ಮ ಮನೆಗೆ ಬಂದಿದ್ದಳು. ವಯಸ್ಸಾಕೆ, ಹಳ್ಳಿಯಿಂದ ಒಬ್ಬಳೇ ಬಸ್ಸಿಗೆ. ಅವ್ವ ಒಳಗೆ ಕರೆದು ಚಾ ಕೊಟ್ಟಳು. ಹಿತ್ತಲಿನ ಒಂದು ಕುಂಬಳಕಾಯಿ ತಂದಿದ್ದಳು.

"ತಮ್ಮಾ, ನೀ ಓದಿದಾಂವ. ಆ ದಾದಾ ನಿನ್ನ ಮಾತ ಕೇಳ್ತಾನಂತ. ನನ್ನ ಮಗಾ ಅಂಥಾದ್ದ ಮಾಡೂದಿಲ್ಲಪ್ಪಾ. ಅನ್ನ ಬಿಟ್ಟ ಕುಂತಾನ. ರೊಕ್ಕ ಕೇಳಾಕ ಬಂದಿಲ್ಲ ನಾ. ಅವ ಕಳ್ಳ ಅಲ್ಲ ಅಂತ ಒಂದ ಮಾತ ಹೇಳು ಸಾಕು."

"ಹೇಳ್ತೇನಿ ಅವ್ವಾ" ಅಂದೆ.

ಹೇಳಲಿಲ್ಲ. ಸಂಜೆ ಹೋಗಿ ದಾದಾನ ಅಂಗಡಿಯಲ್ಲಿ ಒಂದು ತಾಸು ಕೂತೆ. ಬಾಗಿಲ ಮೇಲೆ ಬೋರ್ಡಿದ್ದ ಜಾಗದಲ್ಲಿ ಗೋಡೆ ಬೇರೆ ಬಣ್ಣ. ಮಳೆಯ ಬಗ್ಗೆ ಮಾತಾಡಿ ಎದ್ದು ಬಂದೆ. ಅವ್ವ ಕುಂಬಳಕಾಯಿ ಪಲ್ಯ ಮಾಡಿದ್ದಳು. ಹೊಟ್ಟೆ ಸರಿಯಿಲ್ಲ ಅಂದೆ.

3 ನವೆಂಬರ್

ಸೂಪರ್‌ವೈಸರ್. ಬೈಕ್ ಬಂತು. ದಾದಾನೇ ನಿಂಬೆಹಣ್ಣು ಕಟ್ಟಿದ. ದಾದಾನ ಹೆಂಡತಿ ಗಿರಿಜಾಬಾಯಿ ವೈನಿ ಪೇಢೆ ತರಿಸಿ ನನ್ನ ಬಾಯಿಗಿಟ್ಟಳು. "ನಮ್ಮ ಮನ್ಯಾಗಿನ ಒಬ್ಬರರ ಮ್ಯಾಲ ಬಂದ್ರಲ್ಲ."

19 ಮಾರ್ಚ್ 2009

ಎಷ್ಟೋ ತಿಂಗಳಿಂದ ಇದನ್ನು ತೆರೆದಿಲ್ಲ. ಇವತ್ತು ತೆರೆಯಲೇಬೇಕು.

ಗಣೇಶಗುಡಿಯಲ್ಲಿ ಹೊಸ ಅಂಗಡಿ ನೋಡಲು ಹೋಗಿದ್ದೆ. ಹೊಳೆ ದಂಡೆಯಲ್ಲಿ ರಾಫ್ಟಿಂಗ್‌ನವರು ರಬ್ಬರ್ ದೋಣಿ ಹೊತ್ತು ತರುತ್ತಿದ್ದರು. ತಲೆಯ ಮೇಲೆ ದೋಣಿ, ಕೆಳಗೆ ನಾಲ್ಕು ಜೊತೆ ಕಾಲು. ದೋಣಿ ಇಳಿಸಿದಾಗ ಒಬ್ಬ ಕುಬೇರ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಕರೆದು ಚಾ ಕೊಡಿಸಿದ! ನಾನು ಕೊಡಿಸಬೇಕಿತ್ತು. ಕೈ ನೋಡಿದೆ. ಹುಟ್ಟು ಹಾಕಿ ಹಾಕಿ ಬೆರಳೆಲ್ಲ ಬೊಬ್ಬೆ, ಒರಟು. ಆ ಕೈಗಳಲ್ಲಿ ಅಕ್ಕಿಕಾಳಿನಷ್ಟು ಪಾರ್ಟ್ ಹಿಡಿದು ಕೂರಿಸುತ್ತಿದ್ದ.

"ದಾದಾ ಅವ್ರು ಹೆಂಗದಾರ?"

"ಅದಾನ. ಗಿರಾಕಿ ಕಡಿಮಿ. ಕಣ್ಣೂ ಮೊದಲಿನಂಗ ಕಾಣೂದಿಲ್ಲ."

ಚಾದ ಲೋಟ ಕೆಳಗಿಟ್ಟ. ಆಮೇಲೆ ಹೊಳೆಯ ಕಡೆ ನೋಡುತ್ತ ಹೇಳಿದ.

"ಅವತ್ತ ಬಂದವರು ಸೀದಾ ಡಬ್ಬಿಗೇ ಕೈ ಹಾಕಿದ್ರು. ಡಬ್ಬಿ ಗೊತ್ತಿದ್ದವರು ಮೂರ ಮಂದಿ. ದಾದಾ ತಮ್ಮ ಮ್ಯಾಲ ತಾವ ಬರೆಯೂದಿಲ್ಲ. ನಾ ಬರದಿಲ್ಲ."

ನನ್ನ ಚಾ ಕೈಯಲ್ಲೇ ಇತ್ತು.

"ನಿನಗ... ಗೊತ್ತಿತ್ತೇನ?"

"ಮೊದಲಿಂದ."

"ಮತ್ತ ದಾದಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೋ ಇಲ್ಲೋ. ನಂಬಿದ್ರೂ ಏನಾಗತಿತ್ತು? ನನ್ನ ಮನಸು ಅವ್ರು ಒಡದಾಗಿತ್ತು. ನೀನೂ ಹೋಗಿಬಿಟ್ರ ಆ ಅಂಗಡ್ಯಾಗ ಅವ್ರ ಜೋಡಿ ಯಾರು ಕುಂದರತಿದ್ರು? ನೀ ದಿನಾ ಹೋಕ್ಕೀಯಲ್ಲ, ಹೋಗು. ಬಿಡಬ್ಯಾಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪ್ರವಾಸಿಗಳ ಬಸ್ ಬಂತು. ಎದ್ದು ಹೋದ.

20 ಮಾರ್ಚ್

ದಾದಾನ ಅಂಗಡಿಗೆ ಹೋದೆ. ಹೇಳಲು. ಗಿರಾಕಿ ಇದ್ದರು.

21 ಮಾರ್ಚ್

ಹೋದೆ. ಗಿರಾಕಿ ಇರಲಿಲ್ಲ. ಹೇಳಲಿಲ್ಲ.

2 ಡಿಸೆಂಬರ್ 2009

ಗುರುತಿನ ಐಎಂಇಐ ನಂಬರ್ ಇಲ್ಲದ ಚೈನಾ ಸೆಟ್ಟುಗಳನ್ನು ಸರಕಾರ ಬಂದ್ ಮಾಡಿಸಿದೆ. ನಿನ್ನೆಯಿಂದ ಊರೆಲ್ಲ ಗೋಳು. ಮ್ಯಾನೇಜರ್ ಫೋನಿನಲ್ಲಿ ಕುಣಿಯುತ್ತಿದ್ದ. "ಹೇಳ್ಲಿಲ್ವಾ? ಚೈನಾ ಮುಗೀತು! ಇನ್ನು ಎಲ್ಲ ನಮ್ಮ ಹತ್ರಾನೇ ಬರ್ತಾರೆ. ಸ್ಟಾಕ್ ರೆಡಿ ಇಟ್ಕೊಳ್ಳಿ."

9 ಡಿಸೆಂಬರ್

ಬರಲಿಲ್ಲ.

ನಮ್ಮದೇ ದೇಶದ ಹೊಸ ಹೊಸ ಹೆಸರಿನ ಸೆಟ್‌ಗಳು ಬಂದಿವೆ. ನಂಬರ್ ಇದೆ, ಬಿಲ್ ಇದೆ, ಎರಡು ಸಿಮ್ ಇದೆ. ಹಳಿಯಾಳದಲ್ಲಿ ಒಬ್ಬ ಮುದುಕ ಅಂಥದ್ದನ್ನು ತೋರಿಸಿ "ಕಂಪನಿ ಸೆಟ್ ಕೊಡ್ರಿ" ಅಂದ. ಅಂಗಡಿಯವನು ಮರುಮಾತಿಲ್ಲದೆ ತೆಗೆದುಕೊಟ್ಟ. ನಮ್ಮ ಹೆಸರೂ ಈಗ ನಮ್ಮದಲ್ಲ.

ದುರ್ಗಪ್ಪ ಅವತ್ತೇ ಹೇಳಿದ್ದ. ಕುಬೇರ ಹೇಳಿದ್ದ. ಮೇಲೆ ಕೂತವರಿಗೆ ಕೇಳಿಸಲಿಲ್ಲ ಅಂತ ಅವರನ್ನು ದೂರುವುದು ಸುಲಭ. ಆದರೆ ಕೆಳಗಿಂದ ಅವರಿಗೆ ತಿಂಗಳು ತಿಂಗಳು ಯಾರಿಂದಲೂ ಇಲ್ಲ, ಯಾರಿಂದಲೂ ಇಲ್ಲ ಎಂದು ಬರೆದು ಕಳಿಸಿದವನು ಯಾರು? ನನ್ನಂಥವರು ಎಷ್ಟು ಊರಲ್ಲಿದ್ದೆವೋ. ಕಾರಣ ಕೊಡಬೇಕಾದಲ್ಲಿ ಹೆಸರು ಕೊಟ್ಟವರು...

16 ಡಿಸೆಂಬರ್

ಏರಿಯಾದ ಫೀಲ್ಡ್ ಸ್ಟಾಫನ್ನೆಲ್ಲ ತೆಗೆದಿದ್ದಾರೆ, ನನ್ನನ್ನೂ. ಫೋನಿನಲ್ಲೇ ಹೇಳಿದರು. ಬೈಕ್ ಶನಿವಾರದೊಳಗೆ ಹುಬ್ಬಳ್ಳಿಗೆ ಮುಟ್ಟಿಸಬೇಕು. ಮ್ಯಾನೇಜರನ ಕೆಲಸವೂ ಹೋಯಿತಂತೆ. ಖುಷಿಯಾಗಬೇಕಿತ್ತು. ಏನೂ ಆಗಲಿಲ್ಲ.

18 ಡಿಸೆಂಬರ್

ದಾದಾಗೆ ಸುದ್ದಿ ಮುಟ್ಟಿದೆ. ಮನೆಗೇ ಬಂದ. ಅವ್ವನ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ.

"ಯಾಕ ಮಾರಿ ಸಣ್ಣ ಮಾಡ್ತೀ? ಕಂಪನಿ ಹೋದ್ರ ಹೋತು. ನನ್ನದೂ ಬೋರ್ಡ್ ಕಿತ್ತರು, ಸತ್ತೇನೇನ ನಾ? ಈಗ ಎಲ್ಲಾ ಸೆಟ್ ರಿಪೇರಿ ಮಾಡಬೋದು, ಯಾರೂ ಕೇಳಾವರಿಲ್ಲ. ಸೋಮಾರದಿಂದ ಬಾ. ಕುಬೇರನ ಜಾಗಾ ಖಾಲಿ ಐತಿ."

ಅವ್ವ ಕಣ್ಣೊರೆಸಿಕೊಂಡಳು. "ಸ್ವಂತ ಅಣ್ಣನೂ ಇಷ್ಟ ಮಾಡೂದಿಲ್ಲ."

ಕುಬೇರನ ಜಾಗ.

21 ಡಿಸೆಂಬರ್, ಸೋಮವಾರ

ಹೇಳಿದೆ.

ಒಂಬತ್ತೂವರೆಗೆ. ದಾದಾ ಷಟರ್ ಎತ್ತಿ, ಕಸ ಹೊಡೆದು, ನನಗಾಗಿ ಆ ಸ್ಟೂಲ್ ಒರೆಸುತ್ತಿದ್ದ. ಕೂರಲಾಗಲಿಲ್ಲ. ನಿಂತೇ ಹೇಳಿದೆ. ಹೆಸರು ಕೊಟ್ಟದ್ದು, ಡಬ್ಬಿ ಬರೆದದ್ದು, ಬೈಕಿನ ಆಸೆ, ‘ಇರಬೋದು ದಾದಾ’ ಅಂದದ್ದು. ಒಂದನ್ನೂ ಮೆತ್ತಗೆ ಮಾಡಲಿಲ್ಲ.

ದಾದಾನ ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಒಬ್ಬ ಹೆಂಗಸು ಸೆಟ್ ತಂದಳು. "ಮಧ್ಯಾಹ್ನ ಬರ್ರಿ ಅಕ್ಕಾ" ಅಂದು ಇಸಕೊಂಡ. ಚೀಟಿ ಬರೆದುಕೊಟ್ಟ. ಅವಳು ಹೋದ ಮೇಲೆ ಕೇಳಿದ.

"ಕುಬೇರಗ ಗೊತ್ತೇನ ಇದು?"

"ಗೊತ್ತು."

"ಯಾವಾಗಿಂದ?"

"ಅವತ್ತಿಂದ."

ನನಗಾಗಿ ಒರೆಸಿದ ಸ್ಟೂಲಿನ ಮೇಲೆ ತಾನೇ ಕೂತ.

"ಹದಿನಾಲ್ಕ ತಿಂಗಳು ಅವನ್ನ ಬೈದೇನಿ. ಬಂದ ಗಿರಾಕಿ ಮುಂದೆಲ್ಲಾ ಬೈದೇನಿ. ಅವರ ಊರಿನ ಮಂದಿ ಮುಂದೂ. ಅವನ ಕಿವಿಗೆ ಎಲ್ಲಾ ಮುಟ್ಟಿರತೈತಿ. ಆದ್ರೂ ಸುಮ್ನಿದ್ದ..." ಬಟ್ಟೆಯನ್ನು ಕೌಂಟರ್ ಮೇಲೆ ಒಗೆದ. "ನನ್ನ ಬಾಯಿಂದ ಅನಿಸಿದ್ಯಲ್ಲೋ ನೀ."

"ದಾದಾ..."

"ಹಂಗ ಕರೀಬ್ಯಾಡ."

ಷಟರ್ ಎಳೆದ. ಬೆಳಿಗ್ಗೆ ಹತ್ತಕ್ಕೆ. ಅಷ್ಟು ವರ್ಷದಲ್ಲಿ ಹಾಗೆ ಎಳೆದದ್ದು ನೋಡಿಲ್ಲ. ಗಣೇಶಗುಡಿ ಬಸ್ಸಿನ ಕಡೆ ಹೊರಟ. ಎರಡು ಹೆಜ್ಜೆ ಹಿಂದೆ ಹೋದೆ. ತಿರುಗದೇ ಕೈ ಎತ್ತಿ ಬೇಡವೆಂದ.

26 ಡಿಸೆಂಬರ್

ಗಿರಿಜಾಬಾಯಿ ವೈನಿ ಸಂತೆಯಲ್ಲಿ ಸಿಕ್ಕಳು. ಮುಖ ತಿರುಗಿಸಿದಳು. ಆಮೇಲೆ ಏನನ್ನಿಸಿತೋ, ವಾಪಸ್ ಬಂದು ಗಡಬಡಿಸಿ ಹೇಳಿದಳು. ಅವತ್ತು ದಾದಾ ಹೊಳೆ ದಂಡೆಯಲ್ಲಿ ಎಲ್ಲರ ಎದುರು ಕುಬೇರನ ಕಾಲು ಮುಟ್ಟಲು ಬಗ್ಗಿದನಂತೆ. ಕುಬೇರ ಹಿಡಿದುಕೊಂಡನಂತೆ. ಮೋತಿಬಾಯಿಯ ಮನೆಗೂ ಹೋಗಿ ಬಂದರಂತೆ. ಕುಬೇರ ಹೊಸ ವರ್ಷದಿಂದ ಅಂಗಡಿಗೆ ಬರುತ್ತಾನೆ — ಕೆಲಸಕ್ಕಲ್ಲ, ಪಾಲಿಗೆ. ಬೋರ್ಡ್ ಬರೆಸಲು ಕೊಟ್ಟಿದ್ದಾರೆ, ಇಬ್ಬರ ಹೆಸರಲ್ಲಿ.

"ಬಾಳ ಚಲೋ ಆತು ವೈನಿ" ಅಂದೆ.

"ಹೌದು. ನಿನ್ನಿಂದಲ್ಲ" ಅಂದಳು.

5 ಜನವರಿ 2010, ಬೆಳಿಗ್ಗೆ 8.20

ನಿನ್ನೆ ಕುಬೇರನ ಫೋನ್.

"ನಾಳೆ ಅಂಗಡಿಗೆ ಬಾ. ದಾದಾ ಕರದಿಲ್ಲ. ನಾ ಕರ್ಯಾಕತ್ತೇನಿ. ಅವ್ರು ಇರ್ತಾರ, ಬೈತಾರ. ಮಾರಿ ಎತ್ತದಿದ್ರೂ ಇರಬೋದು. ಬಂದು ನಿಂತಕೋ ಅಷ್ಟ."

ಬೈಕ್ ಇಲ್ಲ, ನಡೆದೇ ಹೋಗಬೇಕು. ಅವ್ವ ತಟ್ಟೆಗೆ ರೊಟ್ಟಿ ಹಾಕುತ್ತ ಎಲ್ಲಿಗೆ ಹೊಂಟಿ ಅಂದಳು. ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಎಲ್ಲ ಹೇಳಿದೆ. ರೊಟ್ಟಿ ಕೈಯಲ್ಲಿ ಹಿಡಿದೇ ಕೇಳಿದಳು.

"ಆ ಮುದುಕಿ ನಮ್ಮ ಮನ್ಯಾಗ ಕುಂತಾಗ ಆಕಿ ಮಾರಿ ಹೆಂಗ ನೋಡಿದ್ಯೋ ನೀ?"

ರೊಟ್ಟಿ ಅಲ್ಲೇ ಇಟ್ಟು ಒಳಗೆ ಹೋದಳು. ಇನ್ನೂ ಹೊರಗೆ ಬಂದಿಲ್ಲ.

ಮೆಟ್ಟಿಲ ಹತ್ತಿರ ನಿಲ್ಲಬೇಕು, ಒಳಗೆ ಹೋಗಬಾರದು. ಕ್ಷಮಿಸು ಎಂದು ಮೊದಲೇ ಅನ್ನಬಾರದು, ಅದು ಅವರ ಮೇಲೆ ಹೇರಿದ ಹಾಗೆ. ದಾದಾ ಎಂದು ಕರೆಯುವ ಹಾಗೂ ಇಲ್ಲ. ಹಾಗಾದರೆ ಏನೆಂದು ಕರೆಯಲಿ? ಹೊತ್ತಾಯಿತು, ಹೊರಡುತ್ತೇನೆ.